ಐನೂರು ವರ್ಷದಿಂದ ಕೆಡುತ್ತಲೇ ಇರುವ ಭಾಷೆ

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಹೈಸ್ಕೂಲಿನಲ್ಲಿ 34 ವರ್ಷ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದವನು. ಬೆಂಗಳೂರಿನಲ್ಲಿ ಓದುವ ಮೊಮ್ಮಗಳು ಮೊನ್ನೆ ‘ಐ ಲಿಟರಲಿ ಡೈಡ್ ಲಾಫಿಂಗ್’ ಎಂದಳು. ನಿಜವಾಗಿ ಸತ್ತರೆ ತಾನೇ ‘ಲಿಟರಲಿ’ ಎನ್ನಬೇಕು ಎಂದು ತಿದ್ದಿದೆ. ‘ಡಿಕ್ಷನರಿಯಲ್ಲೇ ಇದೆ ತಾತ’ ಎಂದು ಮೊಬೈಲ್ ತೋರಿಸಿದಳು. ಒಬ್ಬರನ್ನೇ ಕುರಿತು ‘ದೇ’ ಎಂದು ಬರೆಯುವುದೂ ಈಗ ಸರಿಯಂತೆ. ಡಿಕ್ಷನರಿ ಮಾಡುವವರೇ ಕೈಚೆಲ್ಲಿ ಕೂತರೆ ಭಾಷೆಯನ್ನು ಕಾಯುವವರು ಯಾರು? ‘ಪ್ರಿಪೋನ್’ ಎಂದು ಬರೆದ ಹುಡುಗರಿಗೆ ನಾನು ಕೆಂಪು ಇಂಕಿನಲ್ಲಿ ಗೀಟು ಹಾಕಿ ಅರ್ಧ ಅಂಕ ಕಳೆಯುತ್ತಿದ್ದೆ. ‘ಪೋಸ್ಟ್‌ಪೋನ್ ಇದೆ ಅಂದಮೇಲೆ ಪ್ರಿಪೋನ್ ಯಾಕಿರಬಾರದು ಸಾರ್’ ಎಂದು ಒಬ್ಬ ಹುಡುಗ ವಾದಕ್ಕೆ ನಿಂತಿದ್ದ. ಗದರಿಸಿ ಕೂರಿಸಿದ್ದೆ. ಅದೂ ತಪ್ಪಾ? ಇಂಗ್ಲಿಷ್ ನಿಜವಾಗಿ ಕೆಡುತ್ತಿದೆಯಾ, ಇಲ್ಲಾ ನನಗೆ ವಯಸ್ಸಾಯಿತಾ?

ಉತ್ತರ: ಮೇಷ್ಟ್ರೇ, ನಮಸ್ಕಾರ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನಿಮಗೆ ವಯಸ್ಸಾಗಿರಬಹುದು, ಆದರೆ ನಿಮ್ಮ ದೂರಿಗೆ ನಿಮಗಿಂತ ಜಾಸ್ತಿ ವಯಸ್ಸಾಗಿದೆ. ಇಂಗ್ಲಿಷ್ ಹಾಳಾಯಿತು ಎಂದು ಜನ ಐನೂರು ವರ್ಷದಿಂದ ಬರೆಯುತ್ತಲೇ ಇದ್ದಾರೆ. ಆ ದೂರುಗಳನ್ನು ಸಾಲಾಗಿ ಇಟ್ಟುಕೊಂಡು ಓದಿದರೆ ಒಂದು ತಮಾಷೆ ಕಾಣುತ್ತದೆ. ಒಂದು ತಲೆಮಾರು ಕೊಳಕು ಎಂದು ಬೈದ ಮಾತನ್ನೇ ಮುಂದಿನವರು ಒಳ್ಳೆಯ ಇಂಗ್ಲಿಷ್ ಎಂದು ಕಾಪಾಡಲು ಹೊರಡುತ್ತಾರೆ. ನೀವು 34 ವರ್ಷ ಕಲಿಸಿದ ಇಂಗ್ಲಿಷಿನಲ್ಲೂ ಹಾಗೆ ಬೈಸಿಕೊಂಡು ಬಂದ ಮಾಲು ಬೇಕಾದಷ್ಟಿದೆ. ತೋರಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಒಂದು ಮೊಟ್ಟೆಯ ಕತೆಯಿಂದ ಶುರು ಮಾಡೋಣ. ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದವನು ವಿಲಿಯಂ ಕ್ಯಾಕ್ಸ್‌ಟನ್. 1476ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಂಗಡಿ ತೆರೆದ. 1490ರಲ್ಲಿ ಅಚ್ಚು ಹಾಕಿದ ಒಂದು ಪುಸ್ತಕದ ಮುನ್ನುಡಿಯಲ್ಲಿ ಅವನು ಹೇಳುವ ಪ್ರಸಂಗ ಇದು. ಥೇಮ್ಸ್ ನದಿಯಿಂದ ಹೊರಟ ವ್ಯಾಪಾರಿಗಳ ಹಡಗು ಗಾಳಿಯಿಲ್ಲದೆ ನಿಂತುಬಿಟ್ಟಿತು. ಹೊಟ್ಟೆಗೆ ಏನಾದರೂ ಸಿಗುತ್ತದಾ ನೋಡೋಣ ಎಂದು ವ್ಯಾಪಾರಿಗಳು ದಡಕ್ಕೆ ಬಂದರು. ಅವರಲ್ಲಿ ಶೆಫೀಲ್ಡ್ ಎಂಬ ಬಟ್ಟೆ ವ್ಯಾಪಾರಿ ಒಂದು ಮನೆಗೆ ಹೋಗಿ ಊಟ ಕೇಳಿದ. ಅದರಲ್ಲೂ ‘ಎಗ್ಸ್’ ಬೇಕು ಎಂದ. ಮನೆಯಾಕೆ ‘ನನಗೆ ಫ್ರೆಂಚ್ ಬರಲ್ಲ’ ಎಂದಳು. ಅವನಿಗೆ ಸಿಟ್ಟು ಬಂತು. ಯಾಕೆಂದರೆ ಫ್ರೆಂಚ್ ಅವನಿಗೂ ಬರುತ್ತಿರಲಿಲ್ಲ, ಬೇಕಾಗಿದ್ದದ್ದು ಮೊಟ್ಟೆ ಅಷ್ಟೆ. ಕೊನೆಗೆ ಇನ್ನೊಬ್ಬ ‘ಐರೆನ್ ಬೇಕಂತೆ’ ಎಂದ. ಆಗ ಆಕೆಗೆ ಅರ್ಥವಾಯಿತು.

ಐರೆನ್ ಎಂಬುದು ಇಂಗ್ಲಿಷಿನ ಮನೆಮಗಳು. ಎಗ್ ಎಂಬುದು ಸಮುದ್ರದಾಚೆಯಿಂದ ಸ್ಕ್ಯಾಂಡಿನೇವಿಯದವರ ಜೊತೆ ಬಂದ ಸೊಸೆ. ಈಗ ಎಗ್ ಯಜಮಾನಿ, ಐರೆನ್ ಹೆಸರು ಗೊತ್ತಿರುವವರೂ ಕಡಿಮೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಯಾವುದನ್ನು ಅಚ್ಚು ಹಾಕಲಿ ಎಂದು ಕ್ಯಾಕ್ಸ್‌ಟನ್ ತಲೆ ಕೆರೆದುಕೊಳ್ಳುತ್ತಾನೆ. ನಾನು ಹುಟ್ಟಿದಾಗ ಇದ್ದ ಮಾತಿಗೂ ಈಗಿನ ಮಾತಿಗೂ ಬಹಳ ದೂರವಾಗಿದೆ ಎಂದೂ ಹೇಳುತ್ತಾನೆ. ನಿಮ್ಮ ಪತ್ರ ಓದುವಾಗ ನನಗೆ ಅವನೇ ನೆನಪಾದ.

ಇನ್ನು ಸ್ವಿಫ್ಟ್‌ಗೆ ಬನ್ನಿ. ಗಲಿವರನ ಕತೆ ಬರೆದ ಜೊನಾಥನ್ ಸ್ವಿಫ್ಟ್. ಈ ಮನುಷ್ಯನ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ‘ಕಾಯುವವರು ಯಾರು’ ಎಂಬ ನಿಮ್ಮ ಪ್ರಶ್ನೆಯನ್ನು ಇಷ್ಟು ಜೋರಾಗಿ ಕೇಳಿದವರು ಇನ್ನೊಬ್ಬರಿಲ್ಲ. 1712ರಲ್ಲಿ ಅವನು ಆಗಿನ ಖಜಾನೆಯ ದೊಡ್ಡ ಅಧಿಕಾರಿ ರಾಬರ್ಟ್ ಹಾರ್ಲಿಗೆ ಬಹಿರಂಗ ಪತ್ರ ಬರೆದ. ಇಂಗ್ಲಿಷ್ ದಿನದಿನಕ್ಕೂ ಕೆಡುತ್ತಿದೆ, ಫ್ರಾನ್ಸಿನವರು 1635ರಲ್ಲೇ ಒಂದು ಅಕಾಡೆಮಿ ಕಟ್ಟಿಕೊಂಡರು, ನಮಗೂ ಅಂಥದ್ದೊಂದು ಬೇಕು, ಭಾಷೆಯನ್ನು ತಿದ್ದಿ ಹಾಗೇ ಶಾಶ್ವತವಾಗಿ ನಿಲ್ಲಿಸಬೇಕು ಎಂದು ಅವನ ಬೇಡಿಕೆ.

ಅವನಿಗೆ ಯಾವ ಮಾತು ಕಂಡರೆ ಆಗುತ್ತಿರಲಿಲ್ಲ ಗೊತ್ತಾ? ‘ಮಾಬ್’. ಗುಂಪು, ದೊಂಬಿ ಎನ್ನುವ ಅರ್ಥದ ಮಾಬ್. ಅದು ‘ಮೊಬಿಲೆ ವುಲ್ಗುಸ್’ ಎಂಬ ಲ್ಯಾಟಿನ್ ಮಾತನ್ನು ಮೊಟಕು ಮಾಡಿದ್ದು. ಈಗಿನ ಹುಡುಗರು ಇಷ್ಟುದ್ದದ ಮಾತನ್ನು ಎರಡಕ್ಷರಕ್ಕೆ ಇಳಿಸುತ್ತಾರಲ್ಲ, ಅದೇ ಕಸುಬು. ‘ಬ್ಯಾಂಟರ್’ ಕಂಡರೂ ಅವನಿಗೆ ಉರಿಯುತ್ತಿತ್ತು. ಇವತ್ತು ಈ ಎರಡು ಮಾತನ್ನೂ ಯಾರೂ ಕೊಳಕು ಎನ್ನುವುದಿಲ್ಲ. ಪರೀಕ್ಷೆಯಲ್ಲಿ ಬರೆದರೆ ನೀವೂ ಗೀಟು ಹಾಕುತ್ತಿರಲಿಲ್ಲ.

ಇನ್ನೊಂದು ಇದಕ್ಕಿಂತ ಚೆನ್ನಾಗಿದೆ. ‘ಡಿಸ್ಟರ್ಬ್ಡ್’, ‘ರಿಬ್ಯೂಕ್ಡ್’ ಎಂದು ಕೊನೆಯ ಸ್ವರ ನುಂಗಿ ಹೇಳುವುದು ಅವನ ಕಿವಿಗೆ ಕರ್ಕಶ. ಪೂರ್ತಿ ‘ಡಿಸ್ಟರ್ಬೆಡ್’ ಎನ್ನಬೇಕು. ನಿಮ್ಮ ಎಂಟನೇ ಕ್ಲಾಸಿನಲ್ಲಿ ಅಕ್ಷರ ಕೂಡಿಸಿಕೊಂಡು ‘ಡಿಸ್ಟರ್ಬೆಡ್’ ಎಂದು ಓದುತ್ತಿದ್ದ ಹುಡುಗರು ಇದ್ದೇ ಇರುತ್ತಾರೆ. ನೀವು ತಿದ್ದಿದಿರಿ. ಸ್ವಿಫ್ಟ್ ಇದ್ದಿದ್ದರೆ ಆ ಹುಡುಗರಿಗೆ ಪೂರ್ತಿ ಅಂಕ ಕೊಟ್ಟು ನಿಮ್ಮನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ.

ಹಾಗಾದರೆ ಇಂಗ್ಲಿಷ್ ಚೆನ್ನಾಗಿದ್ದದ್ದು ಯಾವಾಗ? ಸ್ವಿಫ್ಟ್ ಅದನ್ನೂ ಹೇಳುತ್ತಾನೆ. ಒಂದನೇ ಎಲಿಜಬೆತ್ ರಾಣಿ ಪಟ್ಟಕ್ಕೆ ಬಂದಲ್ಲಿಂದ 1642ರ ಅಂತರ್ಯುದ್ಧದವರೆಗೆ. ಅಂದರೆ ಅವನು ಹುಟ್ಟುವ ಮೊದಲು. ಎಲಿಜಬೆತ್ ಪಟ್ಟಕ್ಕೆ ಬಂದದ್ದು 1558ರಲ್ಲಿ. ಅದಕ್ಕೆ ಬರೀ ಒಂದು ವರ್ಷ ಹಿಂದೆ, 1557ರಲ್ಲಿ, ಜಾನ್ ಚೀಕ್ ಎಂಬ ವಿದ್ವಾಂಸ ಗೆಳೆಯನಿಗೆ ಕಾಗದ ಬರೆದು ಕೊರಗಿದ್ದ. ಬೇರೆ ಭಾಷೆಯಿಂದ ಸಾಲ ತಂದು ತಂದು ನಮ್ಮ ಭಾಷೆ ದಿವಾಳಿ ಏಳುತ್ತದೆ, ಅದು ಶುದ್ಧವಾಗಿರಬೇಕು ಎಂದು. ಶುದ್ಧ ಎನ್ನಲು ಅವನು ಬಳಸಿದ ‘ಪ್ಯೂರ್’ ಕೂಡ ಫ್ರೆಂಚಿನಿಂದ ತಂದ ಸಾಲವೇ! ಬೈಬಲ್ ಅನುವಾದದಲ್ಲಿ ‘ಲೂನಟಿಕ್’ ಬೇಡವೆಂದು ‘ಮೂನ್ಡ್’ ಎಂದು ಮಾತು ಕಟ್ಟಿದ. ಯಾರೂ ಎತ್ತಿಕೊಳ್ಳಲಿಲ್ಲ. ಒಬ್ಬ ಕೊಳೆಯುತ್ತಿದೆ ಎಂದ ಕಾಲವನ್ನೇ ಇನ್ನೊಬ್ಬ ಚಿನ್ನದ ಕಾಲ ಎನ್ನುತ್ತಾನೆ.

1714ರಲ್ಲಿ ಆನ್ ರಾಣಿ ತೀರಿಕೊಂಡಳು, ಹಾರ್ಲಿಯ ಅಧಿಕಾರವೂ ಹೋಯಿತು, ಅಕಾಡೆಮಿಯ ಮಾತು ಅಲ್ಲೇ ಬಿತ್ತು. ಇಂಗ್ಲಿಷಿಗೆ ಕಾವಲುಗಾರ ಅಂತ ಯಾವತ್ತೂ ಇರಲಿಲ್ಲ ಮೇಷ್ಟ್ರೇ.

ಸ್ಯಾಮ್ಯುಯಲ್ ಜಾನ್ಸನ್ ಆ ಕೆಲಸಕ್ಕೆ ಸೇರಿ ನೋಡಿದ. 1747ರಲ್ಲಿ ತನ್ನ ಡಿಕ್ಷನರಿಯ ಯೋಜನೆ ಬರೆದಾಗ ಭಾಷೆಯನ್ನು ಕಟ್ಟಿ ನಿಲ್ಲಿಸುವ ಹುಮ್ಮಸ್ಸಿತ್ತು. 1755ರಲ್ಲಿ ಸುಮಾರು 42,000 ಮಾತುಗಳ ಡಿಕ್ಷನರಿ ಹೊರಬಂದಾಗ ಹುಮ್ಮಸ್ಸು ಇಳಿದಿತ್ತು. ಮುನ್ನುಡಿಯಲ್ಲಿ ನೇರವಾಗಿ ಒಪ್ಪಿಕೊಂಡ. ಡಿಕ್ಷನರಿ ಮಾಡಿ ಭಾಷೆಯನ್ನು ಕೊಳೆಯದಂತೆ ಇಡುತ್ತೇನೆ ಎನ್ನುವವನನ್ನು ನೋಡಿ ಜನ ನಗಬೇಕು, ಉಚ್ಚಾರಕ್ಕೆ ಬೇಡಿ ಹಾಕುವುದೂ ಗಾಳಿಗೆ ಚಾಟಿ ಬೀಸುವುದೂ ಒಂದೇ ಎಂದ. ಎಂಟು ವರ್ಷ ದುಡಿದು ಕಲಿತ ಮಾತು. ನನಗೆ ಈ ಜಾನ್ಸನ್ ತುಂಬಾ ಇಷ್ಟ.

ಈಗ ‘ಡಿಕ್ಷನರಿಯವರು ಕೈಚೆಲ್ಲಿದರು’ ಎಂಬ ನಿಮ್ಮ ಮಾತು. ನೀವೂ ಜನಗಣತಿ ಡ್ಯೂಟಿ ಮಾಡಿರುತ್ತೀರಿ, ಅಲ್ವಾ? ಮನೆ ಬಾಗಿಲಿಗೆ ಹೋಗಿ ಎಷ್ಟು ಜನ ಇದ್ದೀರಿ ಎಂದು ಕೇಳಿ ಬರೆದುಕೊಂಡಿರಿ. ಇಷ್ಟು ಜನ ಇರಬಾರದು, ಆ ಕಿರಿ ಮಗನ ನಡತೆ ಸರಿಯಿಲ್ಲ, ಅವನ ಹೆಸರು ಬಿಡುತ್ತೇನೆ ಎಂದಿರಾ? ಡಿಕ್ಷನರಿ ಮಾಡುವವರ ಕೆಲಸ ಅದೇ. ಒಂದು ಮಾತು ಯಾವ ಅರ್ಥದಲ್ಲಿ ನಡೆಯುತ್ತಿದೆ ಎಂದು ದಾಖಲು ಮಾಡುವುದು. ನಡತೆಯ ಸರ್ಟಿಫಿಕೇಟ್ ಕೊಡುವುದಲ್ಲ.

ಇದನ್ನು ಎಲ್ಲರೂ ಒಪ್ಪುವುದಿಲ್ಲ. 1961ರಲ್ಲಿ ಅಮೆರಿಕದಲ್ಲಿ ವೆಬ್‌ಸ್ಟರ್ ಡಿಕ್ಷನರಿಯ ಮೂರನೇ ದೊಡ್ಡ ಆವೃತ್ತಿ ಬಂತು. ಸಂಪಾದಕ ಫಿಲಿಪ್ ಗೋವ್. ‘ಈಸ್ ನಾಟ್’ ಎನ್ನುವ ಬದಲು ಆಡುಮಾತಿನಲ್ಲಿ ಬಳಸುವ ‘ಏಂಟ್’ ಎಂಬ ಮಾತಿಗೆ ಸಾಕಷ್ಟು ಛೀಮಾರಿ ಹಾಕಿಲ್ಲ ಎಂದು ಪತ್ರಿಕೆಗಳು ಅವನ ಮೇಲೆ ಮುಗಿಬಿದ್ದವು. ನ್ಯೂಯಾರ್ಕ್ ಟೈಮ್ಸ್ ಸಂಪಾದಕೀಯವನ್ನೇ ಬರೆಯಿತು. ಸಿಟ್ಟಾದ ಒಬ್ಬ ಪ್ರಕಾಶಕ ಆ ಕಂಪನಿಯನ್ನೇ ಕೊಂಡುಕೊಳ್ಳಲು ನೋಡಿದ. ಆಗಲಿಲ್ಲ. 1969ರಲ್ಲಿ ಅಮೆರಿಕನ್ ಹೆರಿಟೇಜ್ ಎಂಬ ಬೇರೆ ಡಿಕ್ಷನರಿಯನ್ನೇ ತಂದ. ಯಾವುದು ಸರಿ, ಯಾವುದು ತಪ್ಪು ಎಂದು ಲೇಖಕರಿಂದ ವೋಟು ಹಾಕಿಸಿದ. ಒಂದು ಪುಟಾಣಿ ಮಾತಿಗಾಗಿ ಇಷ್ಟೆಲ್ಲ.

ಮೊಮ್ಮಗಳ ‘ಲಿಟರಲಿ’ಗೆ ಬರೋಣ. 2013ರಲ್ಲಿ ಆಕ್ಸ್‌ಫರ್ಡ್ ಡಿಕ್ಷನರಿಯಲ್ಲಿ ಈ ಬಳಕೆ ಇದೆ ಎಂದು ಯಾರೋ ಕಂಡುಹಿಡಿದರು, ಪತ್ರಿಕೆಗಳಲ್ಲಿ ಗುಲ್ಲೋ ಗುಲ್ಲು. ಆದರೆ ಅಮೆರಿಕದ ಮೆರಿಯಂ-ವೆಬ್‌ಸ್ಟರ್ ಇದನ್ನು 1909ರಲ್ಲೇ ಸೇರಿಸಿತ್ತು. ಬಳಕೆ ಇನ್ನೂ ಹಳೆಯದು, 1769ರಷ್ಟು ಹಿಂದಿನದು ಸಿಕ್ಕಿದೆ. ಮಾರ್ಕ್ ಟ್ವೇನ್ ಕೂಡ ತನ್ನ ಟಾಮ್ ಸಾಯರ್ ‘ಲಿಟರಲಿ’ ಸಂಪತ್ತಿನಲ್ಲಿ ಹೊರಳಾಡುತ್ತಿದ್ದ ಎಂದು ಬರೆದಿದ್ದಾನೆ. ಟಾಮ್ ಹೊರಳಾಡಲಿಲ್ಲ, ಸಂಪತ್ತು ಅಂದರೂ ಗೋಲಿ, ಗಾಜಿನ ಚೂರು ಅಂಥವೇ. ‘ವೆರಿ’ ಎಂಬ ಮಾತಿಗೂ ಮೊದಲು ‘ನಿಜವಾದ’ ಎಂದೇ ಅರ್ಥ. ತೇಯ್ದು ತೇಯ್ದು ‘ತುಂಬಾ’ ಆಯಿತು.

ನಮ್ಮ ಕನ್ನಡ ಪೇಪರು ನೋಡಿ. ‘ಜಾತ್ರೆಗೆ ಅಕ್ಷರಶಃ ಜನಸಾಗರವೇ ಹರಿದುಬಂತು’ ಎಂದು ಬರೆಯುತ್ತಾರೆ. ಅಕ್ಷರಶಃ! ಯಾರಾದರೂ ಈಜು ಬರದವರು ಹುಷಾರು ಎಂದರಾ? ನಿಮ್ಮ ಮೊಮ್ಮಗಳ ಲಿಟರಲಿ ಇದೇ ಅಕ್ಷರಶಃ. ನೀವೂ ಇದನ್ನು ನೂರು ಸಲ ಓದಿ ಪುಟ ಮಗುಚಿರುತ್ತೀರಿ.

‘ದೇ’ ವಿಷಯದಲ್ಲಂತೂ ಕನ್ನಡದವರು ಗಾಬರಿಯಾಗುವುದೇ ನನಗೆ ಆಶ್ಚರ್ಯ. ಬಾಗಿಲು ಬಡಿದ ಸದ್ದಾಗುತ್ತದೆ. ಒಳಗಿನಿಂದ ‘ಯಾರೋ ಬಂದಿದ್ದಾರೆ ನೋಡು, ಅವರನ್ನ ಕೂರಿಸು’ ಎನ್ನುತ್ತೀರಿ. ಬಂದವರು ಒಬ್ಬರೇ ಇರಬಹುದು. ಗಂಡಸೋ ಹೆಂಗಸೋ ಗೊತ್ತಿಲ್ಲ. ಬಹುವಚನ ಹಾಕಿದಿರಿ, ಕೆಲಸ ನಡೆಯಿತು. ಇಂಗ್ಲಿಷಿನ ‘ಸಮ್‌ಒನ್ ಲೆಫ್ಟ್ ದೇರ್ ಬ್ಯಾಗ್’ ಇದಕ್ಕಿಂತ ಬೇರೆಯಲ್ಲ. ಇದು 14ನೇ ಶತಮಾನದಿಂದ ಇದೆ, ಶೇಕ್ಸ್‌ಪಿಯರ್‌ನಲ್ಲಿದೆ, ಜೇನ್ ಆಸ್ಟಿನ್‌ನಲ್ಲಿದೆ. ಒಬ್ಬ ಗೊತ್ತಿರುವ ವ್ಯಕ್ತಿಯೇ ‘ನನ್ನನ್ನು ಹೀ, ಶೀ ಬೇಡ, ದೇ ಅನ್ನಿ’ ಎಂದು ಕೇಳುವುದು ಮಾತ್ರ ಹೊಸದು. 2019ರಲ್ಲಿ ಮೆರಿಯಂ-ವೆಬ್‌ಸ್ಟರ್ ಆ ವರ್ಷದ ಪದ ಎಂದು ಆರಿಸಿದ್ದು ‘ದೇ’ಯನ್ನೇ.

ಇಲ್ಲೊಂದು ಹಳೆಯ ಜಗಳ ಕೇಳಿ. ಇಂಗ್ಲಿಷಿನಲ್ಲಿ ‘ನೀನು’ ಎನ್ನಲು ‘ದೌ’ ಇತ್ತು, ‘ಯು’ ಎಂಬುದು ‘ನೀವು’. ಮರ್ಯಾದೆಗೆ ಒಬ್ಬರಿಗೂ ಯು ಎನ್ನುವುದು ಶುರುವಾಗಿ, ಮೆಲ್ಲಗೆ ದೌ ಮಾಯವಾಯಿತು. 1660ರಲ್ಲಿ ಕ್ವೇಕರ್ ಪಂಥದ ಜಾರ್ಜ್ ಫಾಕ್ಸ್ ಇದರ ವಿರುದ್ಧ ಪುಸ್ತಕವನ್ನೇ ತಂದ. ಒಬ್ಬನಿಗೆ ಯು ಎನ್ನುವವನು ಪೆದ್ದ, ಮೂರ್ಖ ಎಂದು ಬೈದ. ವ್ಯಾಕರಣದ ಪ್ರಕಾರ ಅವನು ಹೇಳಿದ್ದು ಸರಿಯೇ. ಏಕವಚನಕ್ಕೆ ಬಹುವಚನ ಹಾಕುವುದು ತಪ್ಪು ಎಂಬುದು ನಿಮ್ಮ ತಕರಾರೂ ಹೌದು. ಆದರೆ ಕ್ಲಾಸಿನಲ್ಲಿ ಎದುರಿಗೆ ನಿಂತ ಒಬ್ಬನೇ ಹುಡುಗನಿಗೆ ನೀವು 34 ವರ್ಷ ‘ಯು ಆರ್ ಲೇಟ್’ ಎಂದೇ ಹೇಳಿರುತ್ತೀರಿ.

ಇನ್ನೂ ಒಂದು. ಕೆಂಪು ರಟ್ಟಿನ ಆ ದಪ್ಪ ವ್ಯಾಕರಣ ಪುಸ್ತಕ ಹಿಡಿದು ಆ್ಯಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್ ಬದಲಾಯಿಸುವ ಲೆಕ್ಕ ಕೊಡುತ್ತಿದ್ದಿರಲ್ಲ. ‘ದಿ ಹೌಸ್ ಈಸ್ ಬೀಯಿಂಗ್ ಬಿಲ್ಟ್’ ಎಂದು ಬರೆದರೆ ರೈಟು. ಹಿಂದೆ ಇದಕ್ಕೆ ‘ದಿ ಹೌಸ್ ಈಸ್ ಬಿಲ್ಡಿಂಗ್’ ಎನ್ನುತ್ತಿದ್ದರು. ‘ಈಸ್ ಬೀಯಿಂಗ್’ ಹೊಸದಾಗಿ ಬಂದಾಗ ಬಲ್ಲವರಿಗೆ ಅಸಹ್ಯವಾಯಿತು. ಇದು ಎಂಥ ಅಸಂಬದ್ಧ ಎಂದು 1870ರಲ್ಲಿ ಅಮೆರಿಕದ ರಿಚರ್ಡ್ ಗ್ರಾಂಟ್ ವೈಟ್ ಒಂದು ಅಧ್ಯಾಯವನ್ನೇ ಬರೆದ. ಬೆಂಜಮಿನ್ ಫ್ರಾಂಕ್ಲಿನ್ ಗೊತ್ತಲ್ಲ, 1789ರ ಡಿಸೆಂಬರಿನಲ್ಲಿ, 83ನೇ ವಯಸ್ಸಿನಲ್ಲಿ, ನೋವಾ ವೆಬ್‌ಸ್ಟರ್‌ಗೆ ಕಾಗದ ಬರೆದು ‘ನೋಟಿಸ್’, ‘ಅಡ್ವೊಕೇಟ್’, ‘ಪ್ರೋಗ್ರೆಸ್’ ಇವನ್ನು ಕ್ರಿಯಾಪದ ಮಾಡಿದ್ದಾರೆ, ದಯವಿಟ್ಟು ತಡೆಯಿರಿ ಎಂದು ಕೇಳಿಕೊಂಡಿದ್ದ. 1864ರಲ್ಲಿ ಇಂಗ್ಲೆಂಡಿನ ಪಾದ್ರಿ ಹೆನ್ರಿ ಆಲ್ಫರ್ಡ್ ‘ರಾಣಿಯ ಇಂಗ್ಲಿಷ್’ ಹೇಗಿರಬೇಕು ಎಂದು ಪುಸ್ತಕ ಬರೆದರೆ, ವಾಷಿಂಗ್ಟನ್ ಮೂನ್ ಎಂಬಾತ ಆಲ್ಫರ್ಡನ ಪುಸ್ತಕದಲ್ಲೇ ಇರುವ ತಪ್ಪು ಹೆಕ್ಕಿ ಇನ್ನೊಂದು ಪುಸ್ತಕ ಮಾಡಿದ. ತಪ್ಪು ಹಿಡಿಯುವವರಿಗೂ ಒಬ್ಬ ತಪ್ಪು ಹಿಡಿಯುವವನು ಇರುತ್ತಾನೆ.

ಹಾಗಾದರೆ ಈ ಹೊಟ್ಟೆಯುರಿ ಎಲ್ಲಿಂದ ಬರುತ್ತದೆ? ಆಕ್ಸ್‌ಫರ್ಡ್‌ನ ಪ್ರಾಧ್ಯಾಪಕಿ ಜೀನ್ ಏಚಿಸನ್ 1996ರಲ್ಲಿ ಬಿಬಿಸಿಯ ರೀತ್ ಉಪನ್ಯಾಸಗಳಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದರು. ಒಂದು, ಒದ್ದೆ ಚಮಚದ ಅಸಹ್ಯ. ಸಕ್ಕರೆ ಡಬ್ಬಿಗೆ ಯಾರೋ ಒದ್ದೆ ಚಮಚ ಅದ್ದಿದ ಹಾಗೆ. ನಮ್ಮ ಮನೆಗಳಲ್ಲಾದರೆ ಉಪ್ಪಿನಕಾಯಿ ಜಾಡಿ ಎನ್ನಬೇಕು. ಜನ ಸೋಮಾರಿಗಳಾಗಿದ್ದಾರೆ, ಒರೆಸಿ ಹಾಕಲು ಏನು ರೋಗ ಎನ್ನುವ ಭಾವ. ಇನ್ನೊಂದು, ಕುಸಿಯುತ್ತಿರುವ ಕೋಟೆ. ಹಿಂದೆ ಎಂದೋ ಭಾಷೆ ಪೂರ್ತಿ ಕಟ್ಟಿ ಮುಗಿದಿತ್ತು, ಈಗ ಕಲ್ಲು ಕಲ್ಲಾಗಿ ಬೀಳುತ್ತಿದೆ ಎಂಬ ನಂಬಿಕೆ. ಆ ಕೋಟೆ ಪೂರ್ತಿಯಾಗಿದ್ದ ವರ್ಷ ಯಾವುದು ಎಂದರೆ ಯಾರ ಹತ್ತಿರವೂ ಉತ್ತರವಿಲ್ಲ. ಮೂರನೆಯದು ಅಂಟುರೋಗದ ಭಯ, ಕೆಟ್ಟ ಮಾತು ಅವರಿಂದ ಇವರಿಗೆ ಅಂಟುತ್ತದೆ ಎಂದು. ಅಂಟುವುದು ನಿಜವೇ. ಆದರೆ ಜ್ವರ ಯಾರಿಗೂ ಬೇಕಾಗಿರುವುದಿಲ್ಲ. ಮಾತನ್ನು ಮಾತ್ರ ಹುಡುಗರು ಬೇಕೆಂದೇ ಅಂಟಿಸಿಕೊಳ್ಳುತ್ತಾರೆ, ತಮ್ಮ ಗೆಳೆಯರ ಹಾಗೆ ಕಾಣಲು.

ಕನ್ನಡದಲ್ಲೂ ನಡೆದದ್ದು ಇದೇ. 13ನೇ ಶತಮಾನದಲ್ಲಿ ಕೇಶಿರಾಜ ವ್ಯಾಕರಣ ಬರೆಯುವ ಹೊತ್ತಿಗೆ ಹಳೆಯ ‘ೞ’ ಬಾಯಿಂದ ಜಾರುತ್ತಿತ್ತು. ಯಾವ ಯಾವ ಮಾತಿಗೆ ಅದು ಬರಬೇಕು ಎಂದು ಅವನು ಪಟ್ಟಿ ಕೊಡಬೇಕಾಯಿತು. ಆದರೂ ಹೋಯಿತು. ಮಾತಿನ ಮೊದಲಿನ ‘ಪ’ ಕೂಡ ‘ಹ’ ಆಗಿ, ಪಾಲು ಹಾಲಾಯಿತು. ಹಾಲೇನೂ ಒಡೆಯಲಿಲ್ಲ.

ಸುಮ್ನೆ ನಿಮ್ಮನ್ನು ಬೆಂಚಿನ ಮೇಲೆ ನಿಲ್ಲಿಸಿ ಹೋಗುವುದಿಲ್ಲ. ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ‘ಡಿಸ್‌ಇಂಟರೆಸ್ಟೆಡ್’ ಎಂದರೆ ಯಾವ ಪಕ್ಷಕ್ಕೂ ವಾಲದವನು ಎಂದು ಅರ್ಥ, ಆಸಕ್ತಿ ಇಲ್ಲದವನು ಎಂದು ಬಳಸಬಾರದು ಎಂದು ನಾನು ಎಷ್ಟೋ ವರ್ಷ ವಿದ್ಯಾರ್ಥಿಗಳ ತಲೆ ತಿಂದಿದ್ದೇನೆ. ಆಮೇಲೆ ನೋಡಿದರೆ ‘ಆಸಕ್ತಿ ಇಲ್ಲದವನು’ ಎಂಬ ಅರ್ಥ 17ನೇ ಶತಮಾನದ್ದು, ಅದೇ ಇಬ್ಬರಲ್ಲಿ ಹಿರಿಯ. ಇವತ್ತಿಗೂ ಆ ಬಳಕೆ ಕಂಡರೆ ಹಲ್ಲು ಜುಮ್ ಎನ್ನುತ್ತದೆ. ಏನು ಮಾಡುವುದು, ಒದ್ದೆ ಚಮಚ.

ಇಷ್ಟೆಲ್ಲ ಹೇಳಿದಮೇಲೆ ‘ಹಾಗಾದರೆ ಏನು ಬರೆದರೂ ಸರಿಯಾ’ ಎಂದು ನೀವು ಕೇಳಬೇಕು. ಅಲ್ಲ. ಭಾಷೆ ಬದಲಾಗುವುದು ಬೇರೆ, ಒಬ್ಬರು ಕೆಟ್ಟದಾಗಿ ಬರೆಯುವುದು ಬೇರೆ. 1946ರಲ್ಲಿ ಜಾರ್ಜ್ ಆರ್ವೆಲ್ ಇಂಗ್ಲಿಷ್ ಕೆಟ್ಟ ಸ್ಥಿತಿಯಲ್ಲಿದೆ ಎಂದು ಬರೆದಾಗ ಅವನು ಬೈದದ್ದು ಹುಡುಗರ ಮಾತನ್ನಲ್ಲ. ಹಳ್ಳಿಗಳ ಮೇಲೆ ಬಾಂಬ್ ಹಾಕಿ ಅದಕ್ಕೆ ‘ಪ್ಯಾಸಿಫಿಕೇಷನ್’, ಅಂದರೆ ಶಾಂತಿ ಸ್ಥಾಪನೆ, ಎಂದು ಹೆಸರಿಡುವವರ ಮಾತನ್ನು. ಆ ದೂರಿನ ಪಕ್ಷ ನಾನು. ಹಿಂದೊಮ್ಮೆ ಒಂದು ಕಚೇರಿಗೆ ನನಗೆ ಬರಬೇಕಾದ ಹಣದ ಬಗ್ಗೆ ಬರೆದಿದ್ದೆ. ಇಂಗ್ಲಿಷಿನಲ್ಲಿ ಒಂದೂವರೆ ಪುಟದ ಉತ್ತರ ಬಂತು. ವ್ಯಾಕರಣ ದೋಷ ಹುಡುಕಿದರೂ ಸಿಗುವುದಿಲ್ಲ, ಕಾಮಾ ಕೂಡ ಜಾಗದಲ್ಲೇ ಇದೆ. ಮೂರು ಸಲ ಓದಿದರೂ ದುಡ್ಡು ಬರುತ್ತದೋ ಇಲ್ಲವೋ ತಿಳಿಯಲಿಲ್ಲ. ನಿಮ್ಮ ಕೆಂಪು ಇಂಕು ಉಳಿದಿದ್ದರೆ ಅದು ಹೋಗಬೇಕಾದದ್ದು ಅಂಥ ಕಾಗದಕ್ಕೆ.

ಮೊಮ್ಮಗಳ ವಿಷಯದಲ್ಲಿ ನಾನು ಮಾಡುವುದು ಇಷ್ಟೆ. ವಾಟ್ಸಾಪ್‌ನಲ್ಲಿ ಏನು ಬೇಕಾದರೂ ಬರೆದುಕೊಳ್ಳಲಿ. ಕೆಲಸಕ್ಕೆ ಅರ್ಜಿ ಬರೆಯುವಾಗ, ಪ್ರಬಂಧ ಬರೆಯುವಾಗ ಓದುವವರು ನಿಮ್ಮಂಥವರೇ ಇರುತ್ತಾರೆ, ಅಲ್ಲಿ ಲಿಟರಲಿ ಜೋಪಾನ ಎಂದು ಹೇಳಿ. ಮದುವೆಗೆ ಉಡುವ ಸೀರೆ ಉಟ್ಟು ಯಾರೂ ಪಾತ್ರೆ ತೊಳೆಯುವುದಿಲ್ಲ, ಅವಳಿಗೂ ಅದು ಗೊತ್ತಿರುತ್ತದೆ. ‘ಓ ಮೈ ಗಾಡ್’ ಎನ್ನಲು ‘ಓಎಂಜಿ’ ಎಂದು ಕಳಿಸಿದರೆ ಗಾಬರಿ ಬೇಡ. ಅದನ್ನು 1917ರಲ್ಲೇ ಲಾರ್ಡ್ ಫಿಶರ್ ಎಂಬ ಮುದಿ ನೌಕಾಧಿಕಾರಿ ಚರ್ಚಿಲ್‌ಗೆ ಬರೆದ ಕಾಗದದಲ್ಲಿ ಬಳಸಿದ್ದಾನೆ.

ಉಳಿದದ್ದು ಪ್ರಿಪೋನ್. ಇದು ನಮ್ಮವರೇ ಹುಟ್ಟಿಸಿದ ಮಾತು ಎಂದು ಬಹಳ ಜನರ ನಂಬಿಕೆ. ಆದರೆ 1913ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್‌ಗೆ ಓದುಗರೊಬ್ಬರು ಪತ್ರ ಬರೆದು, ಈ ಅವಸರದ ಕಾಲದಲ್ಲಿ ವಕೀಲರಿಗೆ ಉಪಯೋಗವಾಗಲಿ, ಪೋಸ್ಟ್‌ಪೋನ್‌ಗೆ ಜೊತೆಯಾಗಿ ‘ಪ್ರಿಪೋನ್’ ಎಂಬ ಮಾತು ಕಟ್ಟುತ್ತಿದ್ದೇನೆ ಎಂದಿದ್ದರು. ಅಲ್ಲಿ ಅದು ಬೇರು ಬಿಡಲಿಲ್ಲ. ಭಾರತದಲ್ಲಿ ಬಿಟ್ಟಿತು. ಮದುವೆ, ಮೀಟಿಂಗು, ಪರೀಕ್ಷೆ ಎಲ್ಲವೂ ಪ್ರಿಪೋನ್ ಆಗುವ ದೇಶ ನಮ್ಮದು. ಈಗ ಅದು ಆಕ್ಸ್‌ಫರ್ಡ್ ಡಿಕ್ಷನರಿಯಲ್ಲೂ ಇದೆ. ಇಂಗ್ಲೆಂಡಿನವರು ಇನ್ನೂ ‘ಬ್ರಿಂಗ್ ಫಾರ್ವರ್ಡ್’ ಎಂದು ಎರಡು ಮಾತು ಖರ್ಚು ಮಾಡುತ್ತಾರೆ. ಬುಧವಾರದ ಮೀಟಿಂಗನ್ನು ‘ಫಾರ್ವರ್ಡ್’ ಮಾಡಿದರೆ ಅದು ಮಂಗಳವಾರವೋ ಗುರುವಾರವೋ ಎಂದು ಕೇಳಿದವರು ಲೆಕ್ಕ ಹಾಕುತ್ತಾ ಕೂರಬೇಕು. ಪ್ರಿಪೋನ್ ಎಂದರೆ ಆ ಗೊಂದಲವೇ ಇಲ್ಲ.

ಪೋಸ್ಟ್‌ಪೋನ್ ಇದ್ದಮೇಲೆ ಪ್ರಿಪೋನ್ ಯಾಕಿರಬಾರದು ಎಂದು ನಿಮ್ಮ ಹುಡುಗ ಕೇಳಿದ್ದು ಆ ಓದುಗರ ವಾದವೇ, ಒಂದಕ್ಷರ ಹೆಚ್ಚುಕಡಿಮೆ ಇಲ್ಲ. ಅವನೆಲ್ಲಿದ್ದಾನೋ ಈಗ. ಸಿಕ್ಕಿದರೆ ಆ ಅರ್ಧ ಅಂಕ ವಾಪಸ್ ಕೊಟ್ಟುಬಿಡಿ.